ಬೆನ್ನು ತಿರುಗಿಸಿದ ಹತ್ತು ನಿಮಿಷ

ತಾಳಿದವನು ಬಾಳಿಯಾನು ಎನ್ನುತ್ತಾರೆ. ಎಷ್ಟು ದಿನ ತಾಳಬೇಕು ಎಂಬುದನ್ನು ಮಾತ್ರ ಆ ಗಾದೆ ಕಟ್ಟಿದ ಪುಣ್ಯಾತ್ಮ ಹೇಳದೆ ಹೋದ. ಹೇಳಿದ್ದರೆ ಕನ್ನಡಕದ ಅಂಗಡಿಯವರ ನಿದ್ದೆ ಆ ವಾರ ಕೆಡುತ್ತಿರಲಿಲ್ಲ.

ಅವರು ಊರಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಸಂಘಕ್ಕೆ ಅಧ್ಯಕ್ಷರು. ಆ ಕ್ಲಬ್ಬಿನ ಮ್ಯಾನೇಜರ್ ಎಂದರೆ ಇವರ ಹೆಂಡತಿಯ ಒಡಹುಟ್ಟಿದ ತಮ್ಮ. ತಂಡ ಗೆಲ್ಲುತ್ತಿದ್ದರೆ ಇದಕ್ಕಿಂತ ಸೊಗಸಾದ ನೆಂಟಸ್ತನ ಇನ್ನೊಂದಿರಲಿಲ್ಲ. ತಂಡ ಸೋಲುತ್ತಿತ್ತು.

ಬಂದ ಹೊಸದರಲ್ಲೇ ಭಾಮೈದ ಹಳೆಯ ಆಟಗಾರರನ್ನೆಲ್ಲ ಕಳಿಸಿಬಿಟ್ಟಿದ್ದ. ಹೆಸರು ಮಾಡಿದವರು, ಹೊಟ್ಟೆ ಬಂದವರು, ಚೆಂಡಿಗಿಂತ ಮೊದಲು ರೆಫರಿಯ ಹತ್ತಿರ ಓಡುತ್ತಿದ್ದವರು, ಎಲ್ಲರೂ ಹೋದರು. ಅವರ ಜಾಗಕ್ಕೆ ಮೀಸೆ ಚಿಗುರದ ಹುಡುಗರು ಬಂದರು. "ಬುನಾದಿಯಿಂದ ಕಟ್ತೀನಿ, ಮೂರು ವರ್ಷ ಕೊಡಿ" ಎಂದಿದ್ದ. ಎರಡನೆಯ ವರ್ಷ ಮುಗಿಯುತ್ತ ಬಂದರೂ ಜನರಿಗೆ ಕಂಡದ್ದು ಬರೀ ಅಗೆದ ಗುಂಡಿ.

ಸಂಘದ ಸಭೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿತು. ಗಾಜು ಉಜ್ಜುವ ಯಂತ್ರವನ್ನು ಮೂಲೆಗೆ ತಳ್ಳಿ ಸ್ಟೂಲುಗಳನ್ನು ಹಾಕಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನಲ್ಲಿ ರಿಪೇರಿಯವನು. ಪಂದ್ಯಕ್ಕೆ ಹಿತ್ತಾಳೆ ಗಂಟೆ ತಂದು ಬಾರಿಸುತ್ತಿದ್ದುದರಿಂದ ಅವನ ಹೆಸರೇ ಗಂಟೆ ಎಂದಾಗಿತ್ತು. ಗಂಟೆ ಕೈಯಲ್ಲಿಲ್ಲದಿದ್ದರೂ ಅವನ ಗಂಟಲು ಆ ಕೊರತೆಯನ್ನು ತುಂಬುತ್ತಿತ್ತು.

"ಅಧ್ಯಕ್ಷರೇ, ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ದಿನ ಸುಮ್ನಿರ್ತಿದ್ರಾ? ಭಾಮೈದ ಅಂತ ಕಣ್ಣು ಮುಚ್ಕೊಂಡಿದ್ದೀರ!"

ಆ ಮಾತು ನಾಟಿತು. ಅಧ್ಯಕ್ಷರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತಾವು ಸುಮ್ಮನಿದ್ದದ್ದು ನಂಬಿಕೆಯಿಂದಲೋ ಹೆಂಡತಿಯ ಹೆದರಿಕೆಯಿಂದಲೋ ಎಂದು.

ಆ ಮೈದಾನದಲ್ಲಿ ಒಂದು ಪದ್ಧತಿ ಇತ್ತು. ಮ್ಯಾನೇಜರ್ ಮೇಲೆ ಮುನಿದರೆ ಅಭಿಮಾನಿಗಳು ಪಂದ್ಯದ ಮೊದಲ ಹತ್ತು ನಿಮಿಷ ಮೈದಾನಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹಿಂದೊಮ್ಮೆ ಹಾಗೆ ನಿಂತಾಗ ಅಂದಿನ ಮ್ಯಾನೇಜರ್ ಮರುದಿನವೇ ಗಂಟುಮೂಟೆ ಕಟ್ಟಿದ್ದ. ಭಾನುವಾರ ಬೆನ್ನು ತಿರುಗಿಸುವುದು, ಆ ಪಂದ್ಯವನ್ನೂ ಸೋತರೆ ಸೋಮವಾರ ಅಧ್ಯಕ್ಷರೇ ಹೋಗಿ ಇವನನ್ನು ತೆಗೆಯಿರಿ ಎಂದು ಕ್ಲಬ್ಬಿನ ಡೈರೆಕ್ಟರರಿಗೆ ಹೇಳುವುದು ಎಂದು ತೀರ್ಮಾನವಾಯಿತು. ಸಂಘದ ಮಾತಿನಂತೆಯೇ ನಡೆಯುತ್ತೇವೆ ಎಂದು ಡೈರೆಕ್ಟರರು ಮೊದಲೇ ಕೈ ತೊಳೆದುಕೊಂಡಿದ್ದರು.

ಶನಿವಾರ ಎಂದಿನಂತೆ ಭಾಮೈದ ಅಕ್ಕನ ಮನೆಗೆ ಊಟಕ್ಕೆ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು.

"ಭಾವ, ಬೆನ್ನು ತಿರುಗಿಸಿ, ನಂಗೇನೂ ಬೇಜಾರಿಲ್ಲ. ಆದ್ರೆ ಶುರುನಲ್ಲಿ ಬೇಡ. ಕೊನೇ ಹತ್ತು ನಿಮಿಷ ತಿರುಗಿಸಿ."

"ಯಾಕೋ?"

"ಅದನ್ನ ಹೇಳೋಕಾಗಲ್ಲ. ನಿಮ್ಮ ಅಂಗಡಿ ಗೋಡೆಗೂ ಕಿವಿ ಇದೆ."

ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಅವಳಿಗೆ ವಿಷಯ ಗೊತ್ತಾದದ್ದೇ ಆಗ. "ಬೆನ್ನು ತಿರುಗಿಸೋದಾ? ನೀವಾ? ಇವನಿಗಾ?" ಎಂದು ಮೂರೇ ಮಾತು ಕೇಳಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಧ್ಯಕ್ಷರ ತಟ್ಟೆ ಖಾಲಿಯಾಗಿಯೇ ಉಳಿಯಿತು.

ಭಾನುವಾರ ಅವಳೂ ಹೊರಟಳು. ಮದುವೆಯಾದಾಗಿನಿಂದ ಮೈದಾನದ ಮುಖ ನೋಡದವಳು ಗ್ಯಾಲರಿಯಲ್ಲಿ ಗಂಡನ ಪಕ್ಕವೇ ಬಂದು ನಿಂತಳು. ರೆಫರಿ ಸೀಟಿ ಊದಿದ. ಸಾವಿರಾರು ಜನ ಒಟ್ಟಿಗೆ ಮೈದಾನಕ್ಕೆ ಬೆನ್ನು ಮಾಡಿದರು, ಅಧ್ಯಕ್ಷರೂ ಮಾಡಿದರು. ಇವಳೊಬ್ಬಳು ಅಲುಗಾಡಲಿಲ್ಲ.

"ನನ್ನ ತಮ್ಮ. ನಾನು ನೋಡ್ತೀನಿ" ಎಂದಳು. ನೋಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅವಳು ವರದಿ ಒಪ್ಪಿಸತೊಡಗಿದಳು.

"ಚೆಂಡು ನಮ್ಮೋರ ಹತ್ರಾನೇ ಇದೆ. ಉದ್ದ ಕಾಲಿನವನು ಕುಳ್ಳನಿಗೆ ಕೊಟ್ಟ. ಕುಳ್ಳ ವಾಪಸ್ ಕೊಟ್ಟ. ಈಗ ಈ ಕಡೆಯವನಿಗೆ ಬಂತು. ಅಯ್ಯೋ ಪಾಪ, ಆ ಕಡೆಯವರು ಸುಮ್ನೆ ಓಡಾಡ್ತಿದ್ದಾರೆ ಕಣ್ರೀ, ಒಬ್ಬರಿಗೂ ಸಿಗ್ತಿಲ್ಲ."

ಸುತ್ತಲಿನವರ ಗದ್ದಲ ಮೆಲ್ಲಗೆ ಇಳಿಯಿತು. ಗಂಟೆ ಕೂಡ ಕತ್ತು ಓರೆ ಮಾಡಿ ಕಿವಿಗೊಟ್ಟ. ಎದುರಿನ ಸಿಮೆಂಟ್ ಗೋಡೆಯನ್ನು ನೋಡುತ್ತ ನಿಂತಿದ್ದ ಅಧ್ಯಕ್ಷರಿಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ಈ ಹುಡುಗರ ಆಟವನ್ನು ಅವರು ಸರಿಯಾಗಿ ನೋಡಿಯೇ ಇರಲಿಲ್ಲ. ಎರಡು ವರ್ಷವೂ ಅವರ ಗಮನವೆಲ್ಲ ಪಕ್ಕದವರು ತಮ್ಮನ್ನು ಏನೆನ್ನುತ್ತಾರೋ ಎಂಬುದರ ಮೇಲಿತ್ತು. ಫುಟ್‌ಬಾಲಿನ ಗಂಧಗಾಳಿಯಿಲ್ಲದ ಹೆಂಡತಿಗೆ ಕಂಡದ್ದು ಅವರಿಗೆ ಕಂಡಿರಲಿಲ್ಲ.

"ಕುಳ್ಳ ಓಡ್ತಿದ್ದಾನೆ... ಇಬ್ಬರನ್ನ ದಾಟಿದ... ಅಯ್ಯಯ್ಯೋ... ಗೋಲು! ರೀ, ಗೋಲು!"

ಊರಿನ ತಂಡ ಗೋಲು ಹೊಡೆದರೆ ಇಡೀ ಗ್ಯಾಲರಿ ನಡುಗುವುದು ವಾಡಿಕೆ. ಅಂದು ಕೇಳಿಸಿದ್ದು ಒಬ್ಬಳೇ ಹೆಂಗಸಿನ ಕೂಗು. ಅಧ್ಯಕ್ಷರು ಗಕ್ಕನೆ ತಿರುಗಿದರು. ಕುಳ್ಳ ಹುಡುಗ ಎರಡೂ ಕೈ ಎತ್ತಿಕೊಂಡು ಗ್ಯಾಲರಿಯ ಬುಡದವರೆಗೂ ಓಡಿ ಬಂದಿದ್ದ. ಅವನ ಎದುರಿಗಿದ್ದದ್ದು ಸಾವಿರಾರು ಬೆನ್ನುಗಳು. ಎತ್ತಿದ ಕೈಯನ್ನು ಇಳಿಸಲೋ ಬೇಡವೋ ತಿಳಿಯದೆ ನಿಂತಿದ್ದ. ಹತ್ತು ನಿಮಿಷ ಮುಗಿದಿತ್ತೋ ಇಲ್ಲವೋ, ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಒಬ್ಬೊಬ್ಬರೇ ತಿರುಗಿದರು. ಗಂಟೆ ಅವಳ ಹತ್ತಿರ ನುಗ್ಗಿ ಬಂದು ಅಂಗಲಾಚಿದ. "ಅಕ್ಕಾ, ಹೆಂಗಾಯ್ತು ಗೋಲು? ಯಾವ ಕಾಲಲ್ಲಿ ಹೊಡ್ದ?"

"ನನ್ನನ್ಯಾಕೆ ಕೇಳ್ತೀಯಪ್ಪ? ಅವನಿಗೆ ಬೆನ್ನು ತೋರಿಸಿದ್ಯಲ್ಲ, ಆ ಬೆನ್ನನ್ನೇ ಕೇಳು" ಎಂದಳು.

ಆ ಪಂದ್ಯವನ್ನೂ ಸೋತರು ಅನ್ನಿ. ಹುಡುಗರಿಗೆ ಕೊನೆಕೊನೆಗೆ ಉಸಿರು ಸಾಲದೆ ಎದುರಾಳಿಗಳು ಎರಡು ಗೋಲು ಹೊಡೆದರು. ಬೆನ್ನು ತಿರುಗಿಸುವುದಾದರೆ ಕೊನೇ ಹತ್ತು ನಿಮಿಷ ತಿರುಗಿಸಿ ಎಂದು ಭಾಮೈದ ಕೇಳಿದ್ದು ಏಕೆಂದು ಅಧ್ಯಕ್ಷರಿಗೆ ಆಗ ತಿಳಿಯಿತು. ಸೋತರೆ ತೆಗೆಯಿರಿ ಎನ್ನಬೇಕೆಂದು ಸಂಘದ ತೀರ್ಮಾನ. ಇಟ್ಟುಕೊಳ್ಳಿ ಎಂದು ಅಧ್ಯಕ್ಷರ ಮನಸ್ಸು. ಅವರು ಹಾಗೆಂದರೆ ನೆಂಟನ ಪರ ವಕಾಲತ್ತು ಎನ್ನದೆ ಊರು ಬಿಟ್ಟೀತೇ? ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಡೈರೆಕ್ಟರರ ಕೋಣೆಗೆ ಗಂಟೆಯನ್ನೂ ಕರೆದುಕೊಂಡು ಹೋದರು.

"ನಾನು ಅವನ ಭಾವ. ನಾನು ಏನಂದ್ರೂ ತಪ್ಪೇ. ಇವನು ಮೊದಲಿಂದ ಅವನ ವಿರೋಧಿ. ಇವನು ಹೇಳಿದ್ದೇ ಸಂಘದ ಮಾತು" ಎಂದು ಕುಳಿತುಬಿಟ್ಟರು. ಗಂಟೆ ಏನೆನ್ನುತ್ತಾನೋ ಅವರಿಗೂ ಗೊತ್ತಿರಲಿಲ್ಲ.

ಗಂಟೆ ಎದ್ದು ನಿಂತ. ಅವನ ಗಂಟಲು ಹುಟ್ಟಿದ ಮೇಲೆ ಮೊದಲ ಸಲ ತಗ್ಗಿತ್ತು. "ಸಾರ್, ಅಂಥಾ ಗೋಲು ನಮ್ಮ ಹುಡುಗರಿಂದ ಬರ್ಲಿ ಅಂತ ಎರಡು ವರ್ಷ ಬಾಯಿ ಬಡ್ಕೊಂಡೆ. ಬಂತು. ನಾನು ಗೋಡೆ ನೋಡ್ತಾ ನಿಂತಿದ್ದೆ. ಇನ್ನೊಂದು ಅಂಥದ್ದನ್ನ ಕಣ್ಣಾರೆ ನೋಡೋತನಕ ಆ ಮನುಷ್ಯನನ್ನ ನಾನು ಎಲ್ಲಿಗೂ ಕಳಿಸಲ್ಲ. ಮೂರನೇ ವರ್ಷ ಕೊಡಿ."

ಅಧ್ಯಕ್ಷರು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರಿ?"

"ನಾನೇನೂ ಅನ್ಲಿಲ್ಲ ಕಣೇ. ಗಂಟೆ ಅಂದ. ಇನ್ನೊಂದು ವರ್ಷ ಇರ್ತಾನೆ ನಿನ್ನ ತಮ್ಮ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗುವನ್ನು ಮಾತ್ರ ತೋರಗೊಡಲಿಲ್ಲ.

"ಹಾಗಾದ್ರೆ ಇನ್ಮೇಲೆ ಎಲ್ಲಾ ಆಟಕ್ಕೂ ನಾನು ಬರ್ತೀನಿ. ಒಬ್ಬರಾದ್ರೂ ನೋಡೋರು ಬೇಕಲ್ಲ."