ಇಂದುಮತಿಯ ಮೇಜಿನ ಕೆಳಗೆ

ನಾನು ಒಂದು ಗ್ರಾಫಿಕ್ಸ್ ಕಾರ್ಡ್. ಕಂಪ್ಯೂಟರಿನ ಪರದೆಯ ಮೇಲೆ ನೀವು ನೋಡುವ ಅಕ್ಷರ, ಚಿತ್ರ, ಬಣ್ಣ ಎಲ್ಲವನ್ನೂ ಬರೆಯುವವನು ನಾನೇ. ಗೇಣುದ್ದದ ಒಂದು ಹಲಗೆ, ನಡುವೆ ಒಂದು ಚಿಪ್, ಅದರ ಬಿಸಿ ಹೀರಲು ಅಲ್ಯೂಮಿನಿಯಂ ಪಟ್ಟಿಗಳು, ಅವುಗಳ ಮೇಲೊಂದು ಫ್ಯಾನು. ಇಷ್ಟೇ ನನ್ನ ಮೈ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿಯ ನೆನಪು ಹೆಚ್ಚಿಲ್ಲ. ಬಿಳಿ ಕೈಗವಸು ತೊಟ್ಟ ಕೈಗಳು ನನ್ನನ್ನು ಎತ್ತಿ, ಪರೀಕ್ಷಿಸಿ, ಬೆಳ್ಳಿ ಬಣ್ಣದ ಚೀಲಕ್ಕೆ ಹಾಕಿದವು. ಮತ್ತೆ ಬೆಳಕು ಕಂಡದ್ದು ಹುಬ್ಬಳ್ಳಿಯಲ್ಲಿ, ವಾದಿರಾಜ ಜಾಲಿಹಾಳ ಎಂಬವರ ಕಚೇರಿಯಲ್ಲಿ. ಇನ್ನೂ ಕಟ್ಟದ ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆ ಎಂದು ಚಿತ್ರ ಮಾಡಿ ತೋರಿಸುವುದು ಅವರ ಉದ್ಯೋಗ. ನಾಲ್ಕು ವರ್ಷ ನಾನು ಮೆಟ್ಟಿಲು, ಕಿಟಕಿ, ಗೋಡೆಯ ನೆರಳು ಬರೆದೆ. ಬೇಸಿಗೆಯಲ್ಲೂ ಬಿಡುವಿರಲಿಲ್ಲ. ಆಮೇಲೆ ನನಗಿಂತ ಚುರುಕಾದ ಕಾರ್ಡು ಬಂತು, ನನ್ನನ್ನು ಬಿಚ್ಚಿ ಕೊಟ್ಟುಬಿಟ್ಟರು. ಸಿಟ್ಟಿಲ್ಲ. ಯಂತ್ರಗಳ ಪಾಡೇ ಅದು.

ಗದಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಇಮ್ತಿಯಾಜ್ ಮುಲ್ಲಾ ನನ್ನನ್ನು ಕೊಂಡು, ಬೇರೆ ಬೇರೆ ಕಡೆಯ ಭಾಗಗಳನ್ನು ಸೇರಿಸಿ ಕಟ್ಟಿದ ಒಂದು ಕಂಪ್ಯೂಟರಿನಲ್ಲಿ ಕೂರಿಸಿದ. ಆ ಕಂಪ್ಯೂಟರ್ ಬೆಟಗೇರಿಯ ಒಂದು ಮನೆಯ ಪಡಸಾಲೆಗೆ ಹೋಯಿತು. ಅಲ್ಲಿ ನನ್ನ ಜಾಗ ಮೇಜಿನ ಕೆಳಗೆ, ಗೋಡೆಯ ಮಗ್ಗುಲಿಗೆ. ಪೆಟ್ಟಿಗೆಯ ಪಕ್ಕದಲ್ಲಿ ಜಾಲರಿ ಇತ್ತು. ಅದರೊಳಗಿಂದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಆ ಮನೆಯವರನ್ನೆಲ್ಲ ನಾನು ಮೊದಲು ಅರಿತದ್ದು ಕಾಲುಗಳಿಂದಲೇ. ಮೇಜಿನ ಮೇಲೆ ನಡೆದದ್ದನ್ನು ಆಮೇಲೆ ಕೇಳಿದ ಮಾತಿನಿಂದ, ಪರದೆಗೆ ಬಂದ ಅಕ್ಷರಗಳಿಂದ ಕೂಡಿಸಿಕೊಂಡೆ.

ಬೆಳ್ಳಿ ಕಾಲುಂಗುರದ ತೆಳು ಕಾಲು ಇಂದುಮತಿಯದು. ಮನೆಯಲ್ಲೇ ಮದುವೆ ಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳನ್ನು ಟೈಪ್ ಮಾಡಿ, ವಿನ್ಯಾಸ ಮಾಡಿ ಪ್ರೆಸ್ಸಿಗೆ ಕೊಡುತ್ತಿದ್ದಳು. ಗಂಡ ಅದೇ ಊರಿನ ಪ್ರೆಸ್ಸೊಂದರಲ್ಲಿ ಯಂತ್ರ ನಡೆಸುತ್ತಿದ್ದ. ಒಡೆದ ಹಿಮ್ಮಡಿಯ ಕಾಲು ಅತ್ತೆ ಶಾಂತವ್ವನದು. ಅವಳು ಸಂಜೆ ಸ್ಪೀಕರ್ ಹಚ್ಚಿಸಿಕೊಂಡು ಭಜನೆ ಕೇಳುತ್ತಿದ್ದಳು. ಆ ಮನೆಯಲ್ಲಿ ಸ್ಪೀಕರ್ ಬೇಕಾಗಿದ್ದುದು ಅವಳೊಬ್ಬಳಿಗೇ. ಇಂದುಮತಿಗೂ ಅವಳ ಗಂಡನಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ.

ಗಿರಾಕಿ ಬಂದರೆ ಇಂದುಮತಿ ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು: ‘ಬನ್ನಿ. ಏನು ಮಾಡಿಸಬೇಕು?’ ಆಮೇಲೆ ಕೀಲಿಮಣೆಯನ್ನು ಅವರ ಕಡೆ ಸರಿಸುವಳು. ಅವರು ಒಂದೊಂದೇ ಅಕ್ಷರ ಹುಡುಕಿ ಉತ್ತರ ಒತ್ತುವರು. ಬೆಟಗೇರಿಯಲ್ಲಿ ಯಾರೂ ಆಡದ ಪುಸ್ತಕದ ಕನ್ನಡ ಅವಳದು. ಭಾಷೆಯನ್ನು ಅವಳು ಕೇಳಿ ಕಲಿತವಳಲ್ಲ, ಓದಿ ಕಲಿತವಳು. ದಿನಕ್ಕೆ ಎಷ್ಟೋ ಮಾತುಕತೆ ಹೀಗೆ ನನ್ನ ಮೂಲಕ ಹಾಯ್ದು ಹೋಗುತ್ತಿತ್ತು. ಕೆಲಸ ಮಾಡುವಾಗ ಅವಳು ಬರಿಗಾಲನ್ನು ನನ್ನ ಪೆಟ್ಟಿಗೆಗೆ ಆನಿಸಿ ಕೂರುತ್ತಿದ್ದಳು. ಫ್ಯಾನು ಜೋರಾದರೆ ಉಳಿದವರು ಕಿವಿಯಿಂದ ತಿಳಿಯುತ್ತಾರೆ. ಅವಳು ಅಂಗಾಲಿನಿಂದ ತಿಳಿಯುತ್ತಿದ್ದಳು.

ಎರಡನೆಯ ವರ್ಷ ತೊಂದರೆ ಶುರುವಾಯಿತು. ನೇಕಾರ ಓಣಿಯ ಹಿರಿಯರೊಬ್ಬರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದಿದ್ದರು. ಬೀಗರ ಹೆಸರು ಬರೆಸುತ್ತಿದ್ದಾಗ ಪರದೆ ಒಮ್ಮೆಲೇ ಕಪ್ಪಾಯಿತು. ಎರಡು ಕ್ಷಣದಲ್ಲಿ ಮರಳಿತು, ಡಿಸ್‌ಪ್ಲೇ ಡ್ರೈವರ್ ಕೆಲಸ ನಿಲ್ಲಿಸಿತ್ತು, ಈಗ ಸರಿಯಾಗಿದೆ ಎಂಬ ಸೂಚನೆಯೊಂದಿಗೆ. ಸರಿಯಾಗಿರಲಿಲ್ಲ. ಅಕ್ಷರಗಳು ಅಡ್ಡಡ್ಡ ಹರಿದವು, ಗುಲಾಬಿ ಮತ್ತು ಹಸಿರು ಚೌಕಗಳು ಪರದೆ ತುಂಬಿದವು. ಇಂದುಮತಿ ಏನೋ ಟೈಪ್ ಮಾಡಿದಳು, ಅದು ಯಾರಿಗೂ ಕಾಣಲಿಲ್ಲ. ಅವಳು ಕೈಸನ್ನೆಯಲ್ಲಿ ‘ಕೂಡಿರಿ’ ಎಂದಳು. ಹಿರಿಯರಿಗೆ ತಿಳಿಯಲಿಲ್ಲ, ಅಥವಾ ಪುರುಸೊತ್ತಿರಲಿಲ್ಲ. ಎದ್ದು ಹೋದರು.

ಡ್ರೈವರ್ ಎಂದರೆ ಏನೆಂದು ಇಲ್ಲಿ ಹೇಳಬೇಕು. ಕಂಪ್ಯೂಟರು ಹೇಳಿದ್ದು ನನಗೆ ನೇರವಾಗಿ ತಿಳಿಯುವುದಿಲ್ಲ. ನಡುವೆ ನಿಂತು ತಿಳಿಸಿಹೇಳುವ ತಂತ್ರಾಂಶವೊಂದಿದೆ, ಅದೇ ಡ್ರೈವರ್. ಅದು ತಪ್ಪು ಹೇಳಿದರೆ ನಾನು ತಪ್ಪು ಬರೆಯುತ್ತೇನೆ. ಬೈಗುಳ ಮಾತ್ರ ನನಗೋ ಪರದೆಗೋ ಬೀಳುತ್ತದೆ.

ಇಮ್ತಿಯಾಜ್ ಬಂದ. ಅವನದು ಯಾವಾಗಲೂ ಅವಸರದ ಕಾಲು, ಚಪ್ಪಲಿ ಹೊಸ್ತಿಲ ಹತ್ತಿರ ಅರ್ಧ ಬಿಚ್ಚಿರುತ್ತಿದ್ದ. ಮೊದಲ ಸಲ ಕೇಬಲ್ ಬದಲಿಸಿದ. ಎರಡನೆಯ ಸಲ ಕಂಪ್ಯೂಟರನ್ನು ಅಂಗಡಿಗೆ ಒಯ್ದು ಎಲ್ಲ ಅಳಿಸಿ ಹೊಸದಾಗಿ ತುಂಬಿ ತಂದ. ಒಂಬತ್ತು ದಿನ ಚೆನ್ನಾಗಿತ್ತು, ಹತ್ತನೆಯ ದಿನ ಚೌಕಗಳು ಮತ್ತೆ ಬಂದವು. ಮೂರನೆಯ ಸಲ ಬಂದವನು ಶಾಂತವ್ವನ ಕಡೆ ತಿರುಗಿ ಹೇಳಿದ:

“ಅವ್ವಾರ, ಮಾನಿಟರ್ ಹಳೇದಾಗೇತ್ರಿ. ಬದ್ಲಿ ಮಾಡೂದ ಚಲೋ. ಮತ್ತೇನರ ಆದ್ರ ಫೋನ್ ಮಾಡ್ರಿ.”

“ಫೋನ್ ಯಾರ್ ಮಾಡ್ಬೇಕೋ ತಮ್ಮಾ? ನನಗ ಅದರಾಗಿಂದು ಒಂದೂ ತಿಳಿಯಂಗಿಲ್ಲ. ತಿಳದಾಕಿ ಇಲ್ಲೇ ಕುಂತಾಳ, ಆಕಿಗೆ ಹೇಳು.”

ಅವನು ಇಂದುಮತಿಯ ಕಡೆ ನೋಡಿ, ಮಾನಿಟರ್ ತೋರಿಸಿ, ಕೈ ಅಲ್ಲಾಡಿಸಿ ಹೋದ. ಅವಳು ನೋಟುಪುಸ್ತಕದಲ್ಲಿ ‘ನೀವು ಏನು ಮಾಡಿದಿರಿ, ಬರೆದು ತಿಳಿಸಿ’ ಎಂದು ಬರೆದು ಚಾಚುವಷ್ಟರಲ್ಲಿ ಅವನ ಗಾಡಿ ಓಣಿ ದಾಟಿತ್ತು.

ಆ ಪುಟವನ್ನು ಅವಳು ಹರಿಯಲಿಲ್ಲ. ಅದರ ಕೆಳಗೆ ಅಂದಿನ ತಾರೀಖು ಹಾಕಿದಳು. ಅಂದಿನಿಂದ ಪರದೆ ಕೆಟ್ಟಾಗಲೆಲ್ಲ ಬರೆದಿಟ್ಟಳು: ಎಷ್ಟು ಗಂಟೆ, ಯಾವ ಕೆಲಸ ನಡೆದಿತ್ತು, ಚೌಕವೋ ಗೆರೆಯೋ ಬರೀ ಕಪ್ಪೋ, ಕಾಲಿಗೆ ಫ್ಯಾನು ಹೇಗೆ ತಾಗುತ್ತಿತ್ತು. ತಿಂಗಳು ಕಳೆಯಿತು. ಬಂದ ಗಿರಾಕಿಗಳೊಡನೆ ಸ್ಲೇಟಿನ ಮೇಲೆ ಬರೆದು ಮಾತಾಡಿದಳು. ಕೆಲವರು ಬೇರೆ ಕಡೆ ಹೋದರು. ಶಾಂತವ್ವ ಒಂದು ದಿನ ಪೆಟ್ಟಿಗೆಗೆ ಊದುಬತ್ತಿ ಬೆಳಗಿ ಕುಂಕುಮ ಹಚ್ಚಿದಳು. ಹೊಗೆ ನನ್ನ ಫ್ಯಾನಿನೊಳಗೇ ಬಂತು.

ಒಂದು ಮಧ್ಯಾಹ್ನ ಇಂದುಮತಿ ಪೆಟ್ಟಿಗೆ ಬಿಚ್ಚಿದಳು. ನಾನು ಅವಳ ಮುಖವನ್ನು ಮೊದಲ ಸಲ ನೋಡಿದ್ದು ಆಗ. ಬಾಚಿ ಬಿಗಿದ ಕೂದಲು, ಹುಬ್ಬುಗಳ ನಡುವೆ ಎರಡು ಗೆರೆ. ಮೊದಲು ಕಬ್ಬಿಣದ ಚೌಕಟ್ಟು ಮುಟ್ಟಿ, ಮೈಯಲ್ಲಿದ್ದ ವಿದ್ಯುತ್ತನ್ನು ಕಳೆದುಕೊಂಡು, ನನ್ನನ್ನು ಹೊರತೆಗೆದಳು. ಬಣ್ಣದ ಕುಂಚದಿಂದ ಧೂಳು ಝಾಡಿಸಿದಳು. ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಮತ್ತೆ ಕೂರಿಸಿದಳು. ತಂಪೆನಿಸಿತು. ಆದರೆ ಮೂರು ದಿನಕ್ಕೆ ಚೌಕಗಳು ಮರಳಿದವು. ಅವಳು ಅದನ್ನೂ ಬರೆದುಕೊಂಡಳು: ‘ಧೂಳು ಕಾರಣವಲ್ಲ.’

ಕಾರಣ ಸಿಕ್ಕಿದ್ದು ತಾರೀಖುಗಳಲ್ಲಿ. ಇಮ್ತಿಯಾಜ್ ಎಲ್ಲ ಅಳಿಸಿ ತುಂಬಿದ ಮೇಲೆ ಒಂಬತ್ತು ದಿನ ನಾನು ಸರಿಯಾಗಿದ್ದೆ. ಆಮೇಲೆ ಕಂಪ್ಯೂಟರು ಇಂಟರ್ನೆಟ್ಟಿನಿಂದ ಯಾರನ್ನೂ ಕೇಳದೆ ಹೊಸ ಡ್ರೈವರ್ ತಂದುಕೊಂಡಿತ್ತು. ಚೌಕಗಳು ಮರಳಿದ ದಿನವೂ, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಡ್ರೈವರ್ ಬಂದ ದಿನವೂ ಒಂದೇ. ನನ್ನಂಥ ಹಳೆಯ ಕಾರ್ಡಿಗೆ ಆ ಹೊಸ ಡ್ರೈವರ್ ಹೊಂದುತ್ತಿರಲಿಲ್ಲ.

ಅವಳು ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದಳು. ಆ ಸ್ಥಿತಿಯಲ್ಲಿ ಅದು ಅಗತ್ಯದಷ್ಟೇ ಕೆಲಸ ಮಾಡುತ್ತದೆ, ತೊಂದರೆಯ ಡ್ರೈವರನ್ನು ಕರೆಯುವುದಿಲ್ಲ. ಹೊಸದನ್ನು ಪೂರ್ತಿ ಕಿತ್ತುಹಾಕಿ, ಮೂರು ವರ್ಷ ಹಳೆಯದನ್ನು ಹುಡುಕಿ ಹಾಕಿದಳು. ಡ್ರೈವರ್ ತಾನಾಗಿ ಬದಲಾಗದಂತೆ ಆ ಏರ್ಪಾಟನ್ನು ನಿಲ್ಲಿಸಿದಳು. ನನಗೆ ಮಾತು ಸ್ಪಷ್ಟವಾಗಿ ತಿಳಿಯತೊಡಗಿತು. ಒಂದು ವಾರ, ಎರಡು ವಾರ, ಒಂದು ತಿಂಗಳು. ಒಂದು ಚೌಕವೂ ಬರಲಿಲ್ಲ.

ಇಮ್ತಿಯಾಜ್ ಯಾರದೋ ಮದುವೆ ಪತ್ರಿಕೆಗಾಗಿ ಬಂದಾಗ ಅವಳು ನೋಟುಪುಸ್ತಕ ಕೊಟ್ಟಳು. ನಿಂತೇ ಓದಲು ಶುರುಮಾಡಿದವನು ಎರಡನೆಯ ಪುಟಕ್ಕೆ ನೆಲದ ಮೇಲೆ ಕೂತ. ಪೂರ್ತಿ ಓದಿದ.

“ಅಕ್ಕಾರ, ಇದು ನಾ ಮಾಡ್ಬೇಕಾಗಿದ್ದ ಕೆಲ್ಸ್ರಿ” ಎಂದ. ಅವಳಿಗೆ ಕೇಳುವುದಿಲ್ಲವೆಂಬುದು ಆಮೇಲೆ ನೆನಪಾಗಿ, ಪೆನ್ನು ಇಸಿದುಕೊಂಡು ಅದನ್ನೇ ಬರೆದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಅಂಗಡಿಯಾಗ ಇಂಥಾವು ಎರಡ ಅದಾವು. ಬಂದು ನೋಡ್ತೀರೇನ್ರಿ?’ ಅವಳು ಹೋಗಿ ನೋಡಿದಳು. ಎರಡರಲ್ಲಿ ಒಂದು ಸರಿಯಾಯಿತಂತೆ.

ಮರುವರ್ಷ ಧಾರವಾಡದ ಕಡೆಯ, ಕಿವಿ ಕೇಳದ ಮಕ್ಕಳ ವಸತಿ ಶಾಲೆಯೊಂದು ಕಂಪ್ಯೂಟರ್ ಶಿಕ್ಷಕರ ಕೆಲಸಕ್ಕೆ ಅರ್ಜಿ ಕರೆಯಿತು. ಇಂದುಮತಿ ಬರೆದುಹಾಕಿದಳು. ಶಾಂತವ್ವನಿಗೆ ಮನಸ್ಸಿರಲಿಲ್ಲ. “ಒಬ್ಬಾಕಿ ಬಸ್ಸಿನ್ಯಾಗ ಹೆಂಗ್ ಹೊಕ್ಕಾಳ? ಹಿಂದಿಂದ ಹಾರ್ನ್ ಹೊಡದ್ರ ಕೇಳೂದಿಲ್ಲ ಆಕಿಗೆ” ಎಂದು ನೆರೆಯವರ ಮುಂದೆ ಹೇಳುತ್ತಿದ್ದಳು. ಸೊಸೆಯ ಮುಂದೆ ಮುಖ ಗಂಟಿಕ್ಕಿಕೊಂಡಿರುತ್ತಿದ್ದಳು, ಅಷ್ಟೇ.

ಸಂದರ್ಶನ ವಿಡಿಯೊ ಮೂಲಕ. ಮಂಗಳವಾರ ಹನ್ನೊಂದು ಗಂಟೆಗೆ. ಪರದೆಯ ಮೇಲೆ ಪಾಠ ಮಾಡಿ ತೋರಿಸಬೇಕಿದ್ದರಿಂದ ಕಂಪ್ಯೂಟರೇ ಬೇಕಿತ್ತು. ಇಂದುಮತಿ ತನ್ನ ಮೊಬೈಲನ್ನು ಮಾನಿಟರಿನ ತಲೆಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಅದನ್ನೇ ಕಂಪ್ಯೂಟರಿನ ಕ್ಯಾಮೆರಾ ಮಾಡಿಕೊಂಡಳು. ಹಿಂದಿನ ದಿನ ಶಾಲೆಯವರು ಹೇಳಿದ ತಂತ್ರಾಂಶ ಹಾಕುವಾಗ ಕಂಪ್ಯೂಟರು ದೊಡ್ಡ ನವೀಕರಣವೊಂದನ್ನು ಕೇಳಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿದ್ದಳು. ಅದರ ಸಂಗಡ ಆ ಹೊಂದದ ಡ್ರೈವರ್ ಮತ್ತೆ ಒಳಬಂದದ್ದು ನನಗೆ ಗೊತ್ತಿತ್ತು. ಹೇಳುವ ಬಾಯಿ ನನಗಿಲ್ಲ.

ಪರದೆಯಲ್ಲಿ ಮೂವರು ಕಂಡರು. ನಡುವಿನವರು ಮುಖ್ಯೋಪಾಧ್ಯಾಯಿನಿ ಪ್ರಮೀಳಾ ಉಪ್ಪಿನ. ಕೈಸನ್ನೆಯಲ್ಲಿ ಹೆಸರು, ಊರು, ಓದು ಕೇಳಿದರು. ಇಂದುಮತಿಯ ಕೈಗಳು ಸರಾಗವಾಗಿ ಆಡಿದವು. ಏಳನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಮರಳಲಿಲ್ಲ.

ಶಾಂತವ್ವ ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದಳು. ಇಂದುಮತಿ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಗ್ರಾಫಿಕ್ಸ್ ಡ್ರೈವರನ್ನು ನಿಂತಲ್ಲೇ ಮತ್ತೆ ಎಬ್ಬಿಸುವ ಕೀಲಿಗಳು ಅವು. ಕಂಪ್ಯೂಟರು ‘ಬೀಪ್’ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಶಾಂತವ್ವ ಮೊರವನ್ನು ಕೆಳಗಿಟ್ಟು ಎದ್ದು ಬಂದು, ಸೊಸೆಯ ಭುಜ ತಟ್ಟಿ, ಪೆಟ್ಟಿಗೆ ತೋರಿಸಿ, ತುಟಿಯ ಮುಂದೆ ಬೆರಳು ಬಿಚ್ಚಿದಳು: ಕೂಗಿತು. ಇಂದುಮತಿಗೆ ಅಷ್ಟು ಸಾಕಾಯಿತು. ಕಂಪ್ಯೂಟರು ಬದುಕಿದೆ, ಹಾಗಾದರೆ ಕ್ಯಾಮೆರಾವೂ ನಡೆಯುತ್ತಿರಬೇಕು. ನೋಟುಪುಸ್ತಕದ ಹಾಳೆಯಲ್ಲಿ ದೊಡ್ಡದಾಗಿ ಬರೆದು ಮೊಬೈಲಿನ ಮುಂದೆ ಹಿಡಿದಳು: ‘ನನ್ನ ಪರದೆ ಕಪ್ಪಾಗಿದೆ. ನೀವು ಕಾಣುತ್ತಿಲ್ಲ. ಇಪ್ಪತ್ತು ನಿಮಿಷ ಕೊಡಿ. ನಾನೇ ಸರಿ ಮಾಡುತ್ತೇನೆ.’

ಸ್ಪೀಕರಿನಿಂದ ಪ್ರಮೀಳಾ ಅವರ ದನಿ ಬಂತು. “ಓದಿದಿವ್ರಿ. ಅಲ್ಲೆ ಯಾರಿಗರ ನಮ್ಮ ಮಾತು ಕೇಳಸ್ತದೇನ್ರಿ?”

ಶಾಂತವ್ವ ಸೆರಗು ಸರಿಮಾಡಿಕೊಂಡಳು. ಕಪ್ಪು ಪರದೆಯ ಕಡೆ ನೋಡಿ, ಬಾವಿಯೊಳಗೆ ಕೂಗಿದಂತೆ ಕೂಗಿದಳು:

“ನನಗ ಕೇಳಸ್ತೈತ್ರಿ ಯವ್ವಾ. ಆಕಿಗಿಲ್ರಿ. ನಾ ಆಕಿ ಅತ್ತಿ.”

ಅತ್ತ ಕಡೆ ಯಾರೋ ನಕ್ಕರು. “ಕಾಯ್ತೀವಿ ಅಂತ ಹೇಳ್ರಿ ಅವರಿಗೆ.”

ಶಾಂತವ್ವ ಹೇಳಿದಳು, ತನಗೆ ಬರುವ ಮನೆಯ ಸನ್ನೆಗಳಲ್ಲಿ. ಆಮೇಲೆ ಸ್ಪೀಕರಿನತ್ತ ಬಾಗಿ ಸೇರಿಸಿದಳು: “ಗಡಬಡಿ ಮಾಡಬ್ಯಾಡ್ರಿ. ಈ ರಿಪೇರಿ ನಮ್ ಸೊಸಿಗೆ ಬರ್ತೈತಿ. ಬ್ಯಾರೇ ಯಾರಿಗೂ ಬರೂದಿಲ್ಲ.”

ಇಂದುಮತಿ ಗುಂಡಿ ಒತ್ತಿ ಕಂಪ್ಯೂಟರ್ ಆರಿಸಿದಳು. ಎರಡು ಸಲ ಅರ್ಧಕ್ಕೇ ಆರಿಸಿ ಹಚ್ಚಿದಾಗ ದುರಸ್ತಿಯ ಪರದೆ ಬಂತು. ಸೇಫ್ ಮೋಡ್. ಹೊಸ ಡ್ರೈವರ್ ಹೊರಗೆ, ಹಳೆಯದು ಒಳಗೆ. ಅವಳ ಅಂಗಾಲು ನನ್ನ ಪೆಟ್ಟಿಗೆಗೆ ಒತ್ತಿಕೊಂಡೇ ಇತ್ತು. ಹದಿನೆಂಟು ನಿಮಿಷದ ಮೇಲೆ ಆ ಮೂವರು ಮತ್ತೆ ಪರದೆಯಲ್ಲಿ ಕಂಡರು, ಚಹಾ ಕುಡಿಯುತ್ತ.

ಆ ಕೆಲಸ ಅವಳಿಗೆ ಸಿಗಲಿಲ್ಲ. ಅದಕ್ಕೆ ಪದವಿ ಬೇಕಿತ್ತು, ಅವಳದು ಪಿಯುಸಿ. ಕಾಗದ ಓದಿ ಇಂದುಮತಿ ಎರಡು ದಿನ ನನ್ನನ್ನು ಹಚ್ಚಲಿಲ್ಲ. ಸೊಸೆ ಹೋಗುವುದು ಬೇಡವೆಂದಿದ್ದ ಶಾಂತವ್ವನೇ ಹೆಚ್ಚು ಸಿಟ್ಟಾದಳು. “ಹದಿನೆಂಟ ಮಿನೀಟಿನ್ಯಾಗ ಮಾಡಿದ್ಲು. ಪದವಿ ಇದ್ದಾರು ಮಾಡ್ತಿದ್ರೇನು?” ಎಂದು ಹಾಲಿನವಳ ಹತ್ತಿರವೂ ಕೇಳಿದಳು.

ಎರಡು ತಿಂಗಳ ಮೇಲೆ ಪ್ರಮೀಳಾ ಮೇಡಂ ಮೊಬೈಲಿಗೆ ಸಂದೇಶ ಕಳಿಸಿದರು. ಶಾಲೆಯ ಹನ್ನೊಂದು ಕಂಪ್ಯೂಟರುಗಳಲ್ಲಿ ಐದು ಕೆಟ್ಟು ಕೂತಿವೆ, ಹೊಸ ಶಿಕ್ಷಕರಿಗೆ ಪಾಠ ಬರುತ್ತದೆ, ರಿಪೇರಿ ಬರುವುದಿಲ್ಲ, ಶನಿವಾರಗಳಂದು ಬರಲಾದೀತೇ? ಇಂದುಮತಿ ಕುಂಚ, ರಬ್ಬರು, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಮೊದಲ ಶನಿವಾರ ಶಾಂತವ್ವನೂ ಜೊತೆಗೆ ಹೋದಳು. ಮೂರನೆಯ ಶನಿವಾರ ಸೊಸೆಯನ್ನು ಬಸ್ಸಿಗೆ ಹತ್ತಿಸಿ ನಿಲ್ದಾಣದಿಂದಲೇ ಮನೆಗೆ ಮರಳಿದಳು. ವರ್ಷ ಕಳೆಯುವಷ್ಟರಲ್ಲಿ ಇಂದುಮತಿಗೆ ಅಲ್ಲಿ ಪ್ರಯೋಗಾಲಯ ಸಹಾಯಕಿಯ ಕೆಲಸವಾಯಿತು.

ನಾನು ಇನ್ನೂ ಐದು ವರ್ಷ ದುಡಿದೆ. ಒಂದು ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ, ಕಂಪ್ಯೂಟರು ಇನ್ನೂ ಕಣ್ಣು ಬಿಡುವ ಮೊದಲೇ, ಪರದೆಯ ಉದ್ದಕ್ಕೂ ಕೆಂಪು ಗೆರೆಗಳು ಬಂದವು. ಇಂದುಮತಿಗೆ ಅದರ ಅರ್ಥ ಗೊತ್ತಿತ್ತು, ಮಕ್ಕಳಿಗೆ ಅವಳೇ ಕಲಿಸಿದ್ದು: ಕಂಪ್ಯೂಟರ್ ಎದ್ದ ಮೇಲೆ ಕೆಟ್ಟರೆ ಡ್ರೈವರ್ ಮೇಲೆ ಗುಮಾನಿ ಪಡು, ಡ್ರೈವರ್ ಇನ್ನೂ ಬಾರದ ಹೊತ್ತಿಗೇ ಕೆಟ್ಟರೆ ಕೇಬಲ್ ನೋಡು, ಪರದೆ ನೋಡು, ಅವೆರಡೂ ಸರಿಯಿದ್ದರೆ ಕಾರ್ಡೇ ಸೋತಿದೆ. ಅವಳು ಕೇಬಲ್ ಬದಲಿಸಿದಳು. ಬೇರೆ ಪರದೆಗೆ ಜೋಡಿಸಿದಳು. ಶಾಲೆಗೆ ಒಯ್ದು ಬೇರೆ ಕಂಪ್ಯೂಟರಿನಲ್ಲೂ ಹಾಕಿ ನೋಡಿದಳು. ಗೆರೆಗಳು ನನ್ನ ಜೊತೆಗೇ ಬಂದವು. ಈ ಸಲ ತಪ್ಪು ನನ್ನದೇ. ಅದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಬೇರೆಯವರ ತಪ್ಪಿಗೆ ಬೈಸಿಕೊಳ್ಳುವುದಕ್ಕಿಂತ ಇದು ಮೇಲು.

ಈಗ ನಾನು ಶಾಲೆಯ ಕಂಪ್ಯೂಟರ್ ಕೋಣೆಯ ಕಿಟಕಿಯ ಹಲಗೆಯ ಮೇಲಿದ್ದೇನೆ. ಮಕ್ಕಳು ನನ್ನನ್ನು ಎತ್ತಿಕೊಂಡು, ತಿರುವಿ, ಮುಟ್ಟಿ ಕಲಿಯುತ್ತಾರೆ. ಇಲ್ಲಿ ಒಂದು ತೊಡಕಿತ್ತು. ಪಾಠ ಮಾಡಲು ಪ್ರತಿ ವಸ್ತುವಿಗೂ ಒಂದು ಸನ್ನೆ ಬೇಕು, ನನಗೆ ಸನ್ನೆ ಇರಲಿಲ್ಲ. ಪ್ರತಿಸಲ ಹೆಸರಿನ ಅಕ್ಷರಗಳನ್ನೆಲ್ಲ ಬೆರಳಲ್ಲಿ ಒಂದೊಂದಾಗಿ ತೋರಿಸಬೇಕಾಗುತ್ತಿತ್ತು. ಒಂದು ದಿನ ಆರನೆಯ ತರಗತಿಯ ತಬಸ್ಸುಮ್ ಬೇಸತ್ತು ಎದ್ದು ನಿಂತು ಎಡ ಅಂಗೈ ಚಾಚಿದಳು, ಅದರ ಮೇಲೆ ಬಲಗೈ ಬೆರಳುಗಳನ್ನು ಗರಗರ ತಿರುಗಿಸಿದಳು, ಆಮೇಲೆ ಕಣ್ಣೆದುರು ಎರಡೂ ಕೈ ಅಗಲಿಸಿದಳು. ತರಗತಿಯೆಲ್ಲ ಅದನ್ನೇ ಮಾಡಿತು. ಇಂದುಮತಿಯೂ ಮಾಡಿದಳು.

ಅಂದಿನಿಂದ ಅದು ನನ್ನ ಹೆಸರು. ಕಾರ್ಖಾನೆಯವರು ಮೈಮೇಲೆ ಒಂದಷ್ಟು ಅಂಕಿ ಅಚ್ಚೊತ್ತಿ ಕಳಿಸಿದ್ದರು. ಕರೆಯುವ ಹೆಸರು ಕೊಟ್ಟವರು ಈ ಮಕ್ಕಳು. ಅದನ್ನು ಬಾಯಿಂದ ಹೇಳಲು ಬರುವುದಿಲ್ಲ, ಇಲ್ಲಿ ಬರೆಯಲೂ ಬರುವುದಿಲ್ಲ. ತಿಳಿಯಬೇಕೆಂದರೆ ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ ನೋಡಿ.