ಮುಂದಿನ ಪ್ರೊಸೆಸರ್ ಬರಲಿ

"ಯಾವುದಾದ್ರೂ ಒಂದು ಕಂಪ್ಯೂಟರ್ ಜೋಡಿಸ್ಕೊಂಡು ಆನ್‌ಲೈನ್‌ಗೆ ಬಾರೋ, ಒಟ್ಟಿಗೆ ಆಡೋಣ," ಎಂದು ಅಕ್ಕ ಲೋರ್ನಾ ದೂರದ ಟೂಸಾನ್ ಊರಿನಿಂದ ಫೋನ್ ಮಾಡಿದಾಗಲೆಲ್ಲ ಡುಲುತ್‌ನಲ್ಲಿದ್ದ ವೆಂಡೆಲ್‌ನದು ಒಂದೇ ಮಾತು: "ಸ್ವಲ್ಪ ತಡಿ, ಹೊಸ ಪ್ರೊಸೆಸರ್ ಬರುತ್ತಂತೆ."

ಅದು ಬಂದರೆ ಅವನು ಆರಿಸಿಟ್ಟ ಮದರ್‌ಬೋರ್ಡಿನಲ್ಲಿ ಕೂರುತ್ತಿರಲಿಲ್ಲ. ಕೂರುವಂಥ ಬೋರ್ಡು ಹುಡುಕುವಷ್ಟರಲ್ಲಿ ಇನ್ನೊಂದು ಪ್ರೊಸೆಸರಿನ ಸುದ್ದಿ.

"ನೀನೇನು ಚಂದ್ರಲೋಕಕ್ಕೆ ರಾಕೆಟ್ ಬಿಡ್ತೀಯೇನೋ? ನಾವು ಆಡೋದು ಹೊಲ ಉಳೋ ಆಟ ಕಣೋ!" ಎಂದು ಅವಳು ಕೆಮ್ಮುತ್ತಲೇ ನಗುತ್ತಿದ್ದಳು. ಆ ಕೆಮ್ಮು ಅವನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಹೀಗೇ ಮೂರು ವರ್ಷ ಕಳೆಯಿತು. ಲೋರ್ನಾಳನ್ನು ಮಣ್ಣು ಮಾಡಿ ಬಂದ ವಾರ ಅವನು ಅಂಗಡಿಗೆ ಹೋಗಿ, ಎದುರಿಗೆ ಕಂಡ ಬೋರ್ಡನ್ನೂ ಅದಕ್ಕೆ ಹೊಂದುವ ಪ್ರೊಸೆಸರನ್ನೂ ಹಿಂದೆ ಮುಂದೆ ನೋಡದೆ ತಂದ. ಮಧ್ಯಾಹ್ನದೊಳಗೆ ಜೋಡಿಸಿಯೂ ಆಯಿತು. ಇಷ್ಟೇ ಕೆಲಸ.

ಅವಳು ಎಂದೋ ಕಳಿಸಿದ್ದ ಆಹ್ವಾನವನ್ನು ಒತ್ತಿ ಆಟದೊಳಗೆ ಹೋದ. ಅವಳ ಜೋಳದ ಹೊಲ ಗಾಳಿಗೆ ತೂಗುತ್ತಿತ್ತು. ಕೈಗೆ ಸಿಕ್ಕಿದ ಆ ಪ್ರೊಸೆಸರಿನಲ್ಲೂ ಪರದೆಯ ಮೇಲೆ ಒಂದು ತೆನೆಯೂ ತಡವರಿಸಲಿಲ್ಲ. ಪಕ್ಕದಲ್ಲೇ ಪುಟ್ಟದೊಂದು ಮನೆ, ಬಾಗಿಲಿಗೆ ಅವಳು ಬರೆದ ಹಲಗೆ:

"ನನ್ನ ತಮ್ಮನ ಮನೆ. ಇನ್ನೂ ಅಂಗಡೀಲೇ ಇದಾನೆ, ಈಗ ಬರ್ತಾನೆ."