ನನ್ನ ಹೆಸರು ಬೇಡ

ಸ್ತಮಾತಾ ತನ್ನ ಹೆಸರನ್ನು ಮೊಮ್ಮಗಳಿಗೆ ಇಡಬೇಡಿ ಎಂದು ಬಾಯಿಬಿಟ್ಟು ಮೂರು ಸಲ ಹೇಳಿದಳು. ಮೂರು ಸಲವೂ ಮಗ ಮಾಂಥೋಸ್ ನಕ್ಕುಬಿಟ್ಟ.

"ಗೊತ್ತು ಬಿಡಮ್ಮಾ. ಎಲ್ಲಾ ಅಜ್ಜೀರೂ ಹೀಗೇ ಅನ್ನೋದು. ನಿನ್ನ ಹೆಸರೇ ಅಂತ ಊರಿಗೆಲ್ಲಾ ಹೇಳಾಗಿದೆ."

ಅವನನ್ನು ಬೈದು ಏನು ಪ್ರಯೋಜನ! ಕಲಮಾಟಾ ಪಟ್ಟಣದ ಮೇಲಿನ ಆ ಬೆಟ್ಟದೂರಿನಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು. ಅದು ಅಜ್ಜಿಗೆ ಸಲ್ಲಬೇಕಾದ ಮರ್ಯಾದೆ. ಬಾಯಿಬಿಟ್ಟು ಕೇಳುವುದು ಸಣ್ಣತನವಾದ್ದರಿಂದ ಅಜ್ಜಿಯರೆಲ್ಲ "ಯಾವ ಹೆಸರಾದರೇನು, ಮಗುವಿನ ಆಯುಸ್ಸು ಗಟ್ಟಿಯಾಗಿರಲಿ" ಎಂದು ಬಾಯಿಮಾತಿಗೆ ಹೇಳುತ್ತಾರೆ. ಅದನ್ನು ನಂಬಿ ಬೇರೆ ಹೆಸರಿಟ್ಟ ಸೊಸೆಯ ಗತಿ ಕೇಳಲೇಬೇಡಿ. ಕೆಳಗಿನ ಬೀದಿಯ ಕಿರಿಯಾಕಿ, ಹಾಗೆ ನಂಬಿ ಕೆಟ್ಟ ತನ್ನ ಸೊಸೆಯ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾಳೆ.

ಆ ಊರಿನ ಹೆಂಗಸರ ಹೆಸರುಗಳನ್ನೇ ನೋಡಿ. ಸೊಸೆ ಅಸಿಮೀನಾ ಎಂದರೆ ಬೆಳ್ಳಿ. ಮಗುವನ್ನೆತ್ತಿಕೊಂಡು ಪಾದ್ರಿಯ ಮುಂದೆ ಹೆಸರು ಹೇಳಬೇಕಾದ ಜ್ಞಾನತಾಯಿ, ಅಸಿಮೀನಾಳ ಗೆಳತಿ ಗರಿಫಾಲಿಯಾ, ಅವಳದು ಲವಂಗ. ಜಗಳಗಂಟಿ ಕಿರಿಯಾಕಿಗೂ ಭಾನುವಾರದ ಹೆಸರು, ದೇವರ ದಿನದ್ದು! ಸ್ತಮಾತಾ ಎಂದರೆ 'ನಿಲ್ಲಿಸು'. ನಾಲ್ಕು ಹೆಣ್ಣುಗಳ ಮೇಲೆ ಐದನೆಯದೂ ಹೆಣ್ಣಾದಾಗ ಅಪ್ಪ ದೇವರಿಗೆ ಕೇಳಲಿ ಎಂದೇ ಇಟ್ಟ ಹೆಸರು. ಮುಂದಿನದು ಗಂಡಾಯಿತು. ಹೆಸರು ಫಲಿಸಿತು ಎಂದು ಅಪ್ಪ ಸಾಯುವ ತನಕ ಮೀಸೆ ತಿರುವಿದ.

ಒಂದು ವರ್ಷ ಆಲಿವ್ ಕೀಳಲು ಸೆರ್ಬಿಯಾದಿಂದ ಸ್ತಾನಾ ಎಂಬವಳು ಬಂದಿದ್ದಳು. "ನಮ್ಮ ಭಾಷೇಲಿ ನಂದೂ ಅದೇ ಕಣಕ್ಕಾ. ಇನ್ನು ಹೆಣ್ಣು ಬೇಡ, ನಿಲ್ಲು ಅಂತ. ನಾನು ಏಳನೇಯೋಳು" ಎಂದಳು. ಇಬ್ಬರೂ ಮರದಡಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮನೆಗೆ ಬಂದ ಮೇಲೆ ಸ್ತಮಾತಾಳಿಗೆ ಊಟ ಸೇರಲಿಲ್ಲ.

ಈಗ ಮೊಮ್ಮಗಳಿಗೆ ಎಂಟು ತಿಂಗಳು. ಜ್ಞಾನಸ್ನಾನವಾಗುವವರೆಗೆ ಹೆಸರಿಲ್ಲ, ಬರೀ ಪಾಪು. ಜ್ಞಾನಸ್ನಾನದ ಹಿಂದಿನ ದಿನ ಸೊಸೆ ಬಿಸ್ಕತ್ತಿಗೆ ಹಿಟ್ಟು ಕಲಸುತ್ತಿದ್ದಾಗ ಸ್ತಮಾತಾ ಬಾಗಿಲು ಹಾಕಿ ಬಂದು ಎದುರು ನಿಂತಳು.

"ಅಸಿಮೀನಾ, ನಾನು ಮಾತಿಗೆ ಹೇಳ್ತಿಲ್ಲ ಕಣೇ. ಆ ಹೆಸರು ನನ್ನ ಜೊತೇಲೇ ಮಣ್ಣಾಗ್ಲಿ."

"ಊರೋರು ನನ್ನ ಸುಮ್ನೆ ಬಿಡ್ತಾರಾ ಅತ್ತೆ? ಆಮೇಲೆ ನೀವೂ ಮುಖ ತಿರುಗಿಸಿದ್ರೆ? ಕಿರಿಯಾಕಮ್ಮನೂ ಹಿಂಗೇ ಆಣೆ ಇಟ್ಟಿದ್ರಂತೆ."

"ಅವಳ ಸುದ್ದಿ ನಂಗ್ಯಾಕೆ!" ಸ್ತಮಾತಾ ಹಿಟ್ಟಿನ ಬೋಗುಣಿ ಪಕ್ಕಕ್ಕೆ ಸರಿಸಿದಳು. "ಆಗೆಲ್ಲಾ ಜ್ಞಾನಸ್ನಾನಕ್ಕೆ ಹೆತ್ತೋಳು ಚರ್ಚಿಗೆ ಹೋಗ್ತಿರಲಿಲ್ಲ. ಮನೇಲಿ ಕಾಯ್ಬೇಕು. ಮಕ್ಕಳು ಓಡಿಬಂದು ಹೆಸರು ಹೇಳೋವು. ಸ್ತಮಾತಾ ಅಂದಾಗ ನಮ್ಮಮ್ಮ ಗೋಡೆಗೆ ಮುಖ ಮಾಡಿ ಅತ್ಲಂತೆ. ಒಂದು ದಿನಾನೂ ನನ್ನ ಹಂಗೆ ಕರೀಲಿಲ್ಲ. ಅಪ್ಪ ಆಚೆ ಹೋದಾಗ ಮೊಸ್ಖೂಲಾ ಅನ್ನೋಳು. ಪರಿಮಳ ಅಂತ. ನಂಗೆ ಒಂಬತ್ತಾದಾಗ ಅವಳು ಹೋದ್ಲು. ಆಮೇಲೆ ಯಾರೂ ಕರೀಲಿಲ್ಲ."

"ಮಾವಂಗೂ ಹೇಳಿರಲಿಲ್ವಾ?"

"ಯಾರು ಕೇಳಿದ್ರು?"

ಸೊಸೆ ಮತ್ತೆ ಹಿಟ್ಟಿಗೆ ಕೈಹಾಕಿದಳು. ಇವಳೂ ನಂಬಲಿಲ್ಲ, ಹಾಳಾದವಳು, ಎಂದುಕೊಂಡು ಸ್ತಮಾತಾ ಹೊರಗೆ ಹೋದಳು. ಅಷ್ಟು ವರ್ಷ ಬಚ್ಚಿಟ್ಟಿದ್ದನ್ನು ಸುಮ್ಮನೆ ಹೇಳಿ ಕಳೆದುಕೊಂಡೆ ಎಂದು ಅವಳಿಗೆ ತುಂಬಾ ನೋವಾಯಿತು.

ಭಾನುವಾರ ಮಂಡಿನೋವಿನ ನೆಪ ಹೇಳಿ ಅವಳು ಚರ್ಚಿನ ಒಳಗೆ ಹೋಗಲೇ ಇಲ್ಲ. ಪಾದ್ರಿ ಆ ಹೆಸರು ಹೇಳಿ ಮಗುವನ್ನು ನೀರಿನಲ್ಲಿ ಅದ್ದುವುದನ್ನು ನೋಡುವ ಶಕ್ತಿ ಇರಲಿಲ್ಲ. ಅಂಗಳದ ಬೆಂಚಿನ ಮೇಲೆ, ಸುದ್ದಿ ತರುವ ಮಕ್ಕಳಿಗೆಂದು ಸಕ್ಕರೆ ಬಾದಾಮಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಕಿರಿಯಾಕಿ ಬಂದು ಪಕ್ಕದಲ್ಲಿ ಒತ್ತಿಕೊಂಡು ಕೂತಳು.

"ಪುಣ್ಯವಂತೆ ಕಣೇ ನೀನು. ನಿನ್ನ ಹೆಸರು ಉಳೀತು. ನನ್ನದು ನನ್ನ ಜೊತೇಗೇ ಹೋಗುತ್ತೆ."

"ಬೇಕಾದ್ರೆ ನನ್ನದನ್ನೂ ತಗೊಂಡು ಹೋಗು" ಎಂದಳು ಸ್ತಮಾತಾ.

ಒಳಗೆ ಮಗು ಕಿಟಾರನೆ ಕಿರುಚಿತು. ಜನರ ಗುಸುಗುಸು ಕೇಳಿಸಿತು. ಆಮೇಲೆ ದಡದಡ ಹೆಜ್ಜೆ. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಪುಟ್ಟ ಫೋತಿನಿ, ಒಂದು ಕಾಲಲ್ಲಿ ಚಪ್ಪಲಿಯಿಲ್ಲ.

"ಅಜ್ಜೀ! ಮೊಸ್ಖೂಲಾ!"

ಕಿರಿಯಾಕಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ! ನಿನ್ನ ಸೊಸೆ ನಿನ್ನ ಮಾನ ಕಳೆದ್ಲಲ್ಲೇ! ಇದ್ಯಾವಳ ಹೆಸರೇ?"

ಚರ್ಚಿನ ಬಾಗಿಲಲ್ಲಿ ಅಸಿಮೀನಾ, ಟವೆಲಿನಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಹೆದರಿಕೆಗೆ ತುಟಿ ಬಿಳಿಚಿತ್ತು. ಹಿಂದೆ ಮಾಂಥೋಸ್ ನೆಲ ನೋಡುತ್ತಿದ್ದ. ಜನರೆಲ್ಲ ಸ್ತಮಾತಾಳ ಮುಖವನ್ನೇ ನೋಡುತ್ತಿದ್ದರು. ಅಜ್ಜಿಗೆ ಕೇಳಿಸಲಿಲ್ಲವೇನೋ ಎಂದು ಫೋತಿನಿ ಇನ್ನೂ ಹತ್ತಿರ ಬಂದು ಗಂಟಲು ಹರಿಯುವಂತೆ ಕೂಗಿದಳು.

"ಮೊಸ್ಖೂಲಾ!"

ಬಾದಾಮಿಯ ಚೀಲ ಮಡಿಲಿಂದ ಜಾರಿತು. ಎಪ್ಪತ್ತೊಂದು ವರ್ಷದ ಸ್ತಮಾತಾ ಮಂಡಿನೋವು ಮರೆತು, ಅಮ್ಮ ಕರೆದಾಗ ಏಳುತ್ತಿದ್ದ ಹಾಗೇ, ದಡಕ್ಕನೆ ಎದ್ದಳು.

"ಓ!" ಎಂದಳು. "ಬಂದೆ!"